ದೋಣಿಗೆ ಒಂದು ಗೂಟ

ಶಿವಗಂಗೆಯ ಬೆಟ್ಟದ ಬುಡದಲ್ಲಿ ನನ್ನ ತಂಗಿಯ ಮನೆ. ಹಳೆಯ ಕಾಲದ ಹೆಂಚಿನ ಮನೆ. ಪಡಸಾಲೆಯಲ್ಲಿ ಕುಳಿತರೆ ಬೆಟ್ಟದ ಒಂದು ಮಗ್ಗುಲು ಪೂರ್ತಿ ಕಾಣಿಸುತ್ತದೆ. ಪೂರ್ವದಿಂದ ನೋಡಿದವರಿಗೆ ಈ ಬೆಟ್ಟ ಬಸವನಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ದಕ್ಷಿಣದಿಂದ ಲಿಂಗದಂತೆಯೂ, ಉತ್ತರದಿಂದ ಹೆಡೆ ಬಿಚ್ಚಿದ ಸರ್ಪದಂತೆಯೂ ತೋರುವುದೆಂದು ಪ್ರತೀತಿ. ದೋಣಿಯಂತೆ ತೋರುವುದೆಂದು ಮಾತ್ರ ಇದುವರೆಗೆ ಯಾರೂ ಹೇಳಿದ್ದಿಲ್ಲ. ಆದರೆ ಕಳೆದ ಸಂಕ್ರಾಂತಿಗೆ ನಾನು ಅಲ್ಲಿಗೆ ಹೋದಾಗ ಮನೆಯಲ್ಲಿ ನಡೆದದ್ದೆಲ್ಲ ದೋಣಿಯ ಮಾತೇ.

ತಂಗಿಯ ಒಬ್ಬನೇ ಮಗ ಲಂಡನ್ನಿನಲ್ಲಿದ್ದಾನೆ. ಆರು ವರ್ಷದಿಂದ ಅವನು ಅಲ್ಲಿಯ ಕಾಲುವೆಯೊಂದರಲ್ಲಿ ದೋಣಿಯ ಮೇಲೆ ಸಂಸಾರ ಹೂಡಿದ್ದಾನೆ. ಸಂಸಾರವೆಂದರೆ ಅವನೊಬ್ಬ, ಒಂದು ಕಬ್ಬಿಣದ ಒಲೆ, ಒಂದು ಮಂಚ, ನೂರಾರು ಪುಸ್ತಕ. ಮಗನಿಗೆ ಮನೆಯಿಲ್ಲ, ನೀರಿನ ಮೇಲೆ ಮಲಗುತ್ತಾನೆಂದು ತಾಯಿ ಮೊದಲೆರಡು ವರ್ಷ ನೆರೆಹೊರೆಯವರಿಗೆ ಹೇಳಿಯೇ ಇರಲಿಲ್ಲ. ಈಗ ಅವಳಿಗೆ ಎಪ್ಪತ್ತರ ಹತ್ತಿರ. ಮೊಣಕಾಲು ನೋವು. ಮಗ ಊರಿಗೆ ಬಂದುಬಿಡಬೇಕೆಂಬುದು ಅವಳ ಹಟ. ದೋಣಿ ಬಿಟ್ಟು ನಾಲ್ಕು ಗೋಡೆಯೊಳಗೆ ತನಗೆ ನಿದ್ದೆ ಬಾರದೆಂಬುದು ಅವನ ಹಟ. ಕಡೆಗೆ ತಂಗಿಯೇ ಒಂದು ಮೆಟ್ಟಿಲು ಇಳಿದಳು.

"ನೋಡಣ್ಣ, ಚರಿತ್ರೆ ಪಾಠ ಹೇಳಿದೋನು ನೀನು. ನಮ್ಮ ಸೀಮೇಲಿ ಎಲ್ಲಾದ್ರೂ ದೋಣಿ ಕಟ್ಟಿಕೊಂಡು ಜನ ಇದ್ದದ್ದು ಉಂಟೇನು? ಇದ್ರೆ ಅಲ್ಲೇ ಇವನಿಗೂ ಒಂದು ಗೂಟ ಹೊಡಿಸಿಕೊಡು. ಇಂಗ್ಲೆಂಡಿಗಿಂತ ಹತ್ತಿರವಾದೀತು" ಎಂದಳು.

ಹಸುವಿಗೆ ಗೂಟ ಹುಡುಕಿದಷ್ಟು ಸರಾಗವಾಗಿ ಅವಳು ಹೇಳಿದಳು. ಮೂವತ್ತೈದು ವರ್ಷ ಚರಿತ್ರೆ ಬೋಧಿಸಿದ ನನಗೆ ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ರಾಜರು ಎಲ್ಲಿ ಕೋಟೆ ಕಟ್ಟಿದರೆಂದು ಹೇಳಬಲ್ಲೆ. ದೋಣಿಗಳನ್ನು ಎಲ್ಲಿ ಕಟ್ಟಿದರೆಂದು ಯೋಚಿಸಿದವನಲ್ಲ.

ಅಳಿಯನನ್ನು ಕೇಳಿದೆ, ಅಲ್ಲಿ ನಿನ್ನ ಗೂಟ ಎಲ್ಲಿದೆಯಪ್ಪ ಎಂದು. "ಇಲ್ಲ ಮಾವ, ಅದೇ ತೊಂದರೆ" ಎಂದ. ಅಲ್ಲಿ ದೋಣಿಗೆ ಎರಡು ಬಗೆಯ ರಹದಾರಿ. ಖಾಯಂ ಜಾಗ ಇದ್ದವರದು ಒಂದು ಬಗೆ, ಇಲ್ಲದವರದು ಇನ್ನೊಂದು. ಜಾಗವಿಲ್ಲದವನು ಹದಿನಾಲ್ಕು ದಿನಕ್ಕಿಂತ ಹೆಚ್ಚು ಒಂದೆಡೆ ನಿಲ್ಲಕೂಡದು, ಮುಂದೆ ಸಾಗುತ್ತಲೇ ಇರಬೇಕು. 1995ರಲ್ಲಿ ಆದ ಕಾನೂನು ಇದು. ಲಂಡನ್ನಿನಲ್ಲಿ ಖಾಯಂ ಜಾಗಕ್ಕೆ ಎಷ್ಟು ನೂಕುನುಗ್ಗಲೆಂದರೆ ಇವನು ಆರು ವರ್ಷವೂ ಎರಡೆರಡು ವಾರಕ್ಕೆ ಗೂಟ ಕಿತ್ತವನೇ. ನಮ್ಮಲ್ಲಿ ಪರಿವ್ರಾಜಕರಿಗೆ ವಿಧಿಸಿದ ನಿಯಮವನ್ನು ಇಂಗ್ಲಿಷರು ದೋಣಿಗೆ ವಿಧಿಸಿದ್ದಾರಲ್ಲ ಎಂದುಕೊಂಡೆ.

ಆ ಕಾಲುವೆಗಳ ಕಥೆಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ಅವು ಹುಟ್ಟಿದ್ದು ಇದ್ದಿಲು, ಜೇಡಿ, ಕಬ್ಬಿಣ ಸಾಗಿಸಲು, ವಿಹಾರಕ್ಕಲ್ಲ. ಇವನ ದೋಣಿ ಹೆಚ್ಚಾಗಿ ತಂಗುವ ರೀಜೆಂಟ್ಸ್ ಕಾಲುವೆ ಪೂರ್ತಿಯಾದದ್ದು 1820ರಲ್ಲಿ. ಮುಂದೆ ರೈಲು ಬಂತು. ಪೈಪೋಟಿಯಲ್ಲಿ ಬಾಡಿಗೆ ಇಳಿಯಿತು. ದೋಣಿಕಾರನಿಗೆ ದಡದ ಮೇಲೊಂದು ಮನೆ, ದೋಣಿಯಲ್ಲಿ ಒಬ್ಬ ಆಳು ಎರಡನ್ನೂ ಸಾಕುವ ಶಕ್ತಿ ತಪ್ಪಿತು. ಹೆಂಡತಿ ಮಕ್ಕಳನ್ನೇ ದೋಣಿಗೆ ಹತ್ತಿಸಿಕೊಂಡ. ಏಳು ಅಡಿ ಅಗಲದ ದೋಣಿಯ ಮೂಲೆಯ ಗೂಡಿನಲ್ಲಿ ಮಕ್ಕಳು ಹುಟ್ಟಿ ಬೆಳೆದರು, ಶಾಲೆ ಕಾಣಲಿಲ್ಲ. ಕೋಲ್‌ವಿಲ್ಲಿನ ಜಾರ್ಜ್ ಸ್ಮಿತ್ ಎಂಬಾತ ಇದನ್ನು ಕಂಡು ಕೂಗೆಬ್ಬಿಸಿದ ಮೇಲೆ 1877ರಲ್ಲಿ ಕಾನೂನು ಬಂದು ದೋಣಿಯನ್ನು ವಾಸದ ಮನೆಯೆಂದು ದಾಖಲು ಮಾಡಿಸಬೇಕಾಯಿತು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ಸಾಗಾಣಿಕೆಯ ಕಸುಬು ಬಹುಮಟ್ಟಿಗೆ ಮುಗಿಯಿತು. ಬಡತನಕ್ಕೆ ಅವರು ಹತ್ತಿದ ದೋಣಿಯನ್ನು ಇಂದಿನ ಓದಿದ ಹುಡುಗರು ಮನೆಬಾಡಿಗೆಗೆ ಹೆದರಿ ಹತ್ತುತ್ತಿದ್ದಾರೆ. ಕಾರಣ ಅಷ್ಟೇನೂ ಬದಲಾಗಿಲ್ಲ.

ಸಂಕ್ರಾಂತಿಯ ಬೆಳಗಿನ ಜಾವ ಬೆಟ್ಟದ ನೆತ್ತಿಯಲ್ಲಿ ಗಂಗೋತ್ಪತ್ತಿ. ನಾಲ್ಕೂವರೆ ಸಾವಿರ ಅಡಿಗಳ ಎತ್ತರದಲ್ಲಿ, ಬಂಡೆಯ ಮೇಲಿನ ಕಂಬದ ಬಳಿ ನೀರು ಒಸರುತ್ತದೆ. ಆ ತೀರ್ಥ ತಂದೇ ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಕಲ್ಯಾಣ. ನನ್ನ ವಯಸ್ಸಿಗೆ ಆ ಕಡಿದು ಹತ್ತುವುದು ಸಾಹಸವೇ ಸರಿ. ಒಳಕಲ್ಲು ತೀರ್ಥದವರೆಗೆ ಹತ್ತಿ ನಿಂತೆ. ಒರಳಿನಂಥ ಕುಳಿಯೊಳಗೆ ಕೈ ಇಳಿಬಿಟ್ಟರೆ ಪುಣ್ಯವಂತರಿಗೆ ನೀರು ಸಿಕ್ಕುತ್ತದೆಂದು ನಂಬಿಕೆ. ಅಳಿಯನ ಕೈಗೆ ಸಿಕ್ಕಿತು. ನನ್ನ ತೋಳು ಗಿಡ್ಡ ಎಂದಿಟ್ಟುಕೊಳ್ಳೋಣ.

ಅಲ್ಲಿ ನಿಂತು ಕೆಳಗಿನ ಬಯಲನ್ನು ತೋರಿಸಿದೆ. ಈ ಬೆಟ್ಟದಿಂದಲೇ ಕುಮುದ್ವತಿ ಹೊರಡುವುದು. ನೆಲಮಂಗಲದ ಸೀಮೆಯನ್ನೂ ಮಾಗಡಿಯ ಸೀಮೆಯನ್ನೂ ಹಾದು ತಿಪ್ಪಗೊಂಡನಹಳ್ಳಿಯ ಬಳಿ ಅರ್ಕಾವತಿಯನ್ನು ಕೂಡುತ್ತಾಳೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು. ನಕ್ಷೆಯಲ್ಲಿ ನೋಡಿದರೆ ಶಿವಗಂಗೆಯಲ್ಲಿ ಬಿಟ್ಟ ಕಾಗದದ ದೋಣಿ ಬಂಗಾಳ ಕೊಲ್ಲಿಗೆ ಹೋಗಬೇಕು. ನೆಲದ ಮೇಲೆ ನೋಡಿದರೆ ಕಾಗದದ ದೋಣಿಯೂ ಮೊದಲ ಕೆರೆಯ ಏರಿಯನ್ನು ದಾಟುವುದಿಲ್ಲ. ನಮ್ಮ ಹಿರಿಯರು ಈ ಹೊಳೆಗಳನ್ನು ಹರಿಯಲು ಬಿಟ್ಟವರೇ ಅಲ್ಲ. ಹೆಜ್ಜೆಗೊಂದು ಏರಿ ಹಾಕಿ ಕೆರೆಗಳ ಸರವನ್ನಾಗಿ ಮಾಡಿದರು. ಅನ್ನ ಬೆಳೆಯುವವನಿಗೆ ನಿಂತ ನೀರು ಬೇಕು, ದೋಣಿ ನಡೆಸುವವನಿಗೆ ಹರಿವ ನೀರು. ಬಯಲುಸೀಮೆ ಅನ್ನದ ಪಕ್ಷ ವಹಿಸಿತು. ಮುಂದೆ ಬೆಂಗಳೂರಿನ ಬಾಯಾರಿಕೆಗಾಗಿ 1894ರಲ್ಲಿ ಹೆಸರುಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ. ಆ ಜಲಾಶಯಕ್ಕೂ ಕೊಳಚೆ ಹರಿದು 2012ರಲ್ಲಿ ಅಲ್ಲಿಂದ ಊರಿಗೆ ನೀರೆತ್ತುವುದನ್ನು ನಿಲ್ಲಿಸಬೇಕಾಯಿತು. ಕುಮುದ್ವತಿಯ ಪಾತ್ರದಲ್ಲಿ ಮಳೆ ನಿಂತ ಮೇಲೆ ಎಮ್ಮೆ ಮಲಗುವಷ್ಟು ನೀರಿದ್ದರೆ ಪುಣ್ಯ. ಅಳಿಯನ ದೋಣಿಗೆ ಎರಡೂವರೆ ಅಡಿಯಾದರೂ ಆಳ ಬೇಕಂತೆ.

ಹಾಗೆಂದು ಒಳನಾಡಿನ ಕನ್ನಡಿಗರು ದೋಣಿ ಕಂಡಿರಲಿಲ್ಲವೆಂದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೋ ಪಾಯೆಸ್ ತುಂಗಭದ್ರೆಯಲ್ಲಿ ಬುಟ್ಟಿಯಂತೆ ದುಂಡನೆಯ ದೋಣಿಗಳನ್ನು ನೋಡಿದ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳೂ. ಹುಟ್ಟು ಹಾಕಿದರೆ ನೆಟ್ಟಗೆ ಸಾಗದೆ ತಿರುಗುತ್ತಲೇ ಇರುತ್ತವೆ ಎಂದು ಆತ ಬರೆದ. ಹೊಳೆಯಿರುವ ಕಡೆಯಲ್ಲೆಲ್ಲ ಈ ರಾಜ್ಯದಲ್ಲಿ ಬೇರೆ ದೋಣಿಯೇ ಇಲ್ಲವೆಂದೂ ಸೇರಿಸಿದ. ನಮ್ಮ ಹರಿಗೋಲು ಅದು. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೊರಟ ಆರ್ಥರ್ ವೆಲ್ಲೆಸ್ಲಿ ತನ್ನ ಸೈನ್ಯವನ್ನು ಹೊಳೆ ದಾಟಿಸಲು ಇದನ್ನೇ ಹೆಣೆಯಿಸಿದ. ಹಂಪೆಯಲ್ಲಿಯೂ ತಲಕಾಡಿನಲ್ಲಿಯೂ ಇಂದಿಗೂ ನೋಡಬಹುದು. ಚರ್ಮದ ಬದಲು ಟಾರು ಬಳಿದ ಹೊದಿಕೆ, ಅಷ್ಟೆ.

ಈ ಹರಿಗೋಲಿನ ವಿಚಾರದಲ್ಲಿ ನನಗೆ ಆ ಬೆಟ್ಟದ ಮೇಲೆ ಹೊಳೆದದ್ದು ಒಂದೇ ಸಂಗತಿ. ಹರಿಗೋಲನ್ನು ಯಾರೂ ಕಟ್ಟಿಹಾಕುವುದಿಲ್ಲ. ಕೆಲಸ ಮುಗಿದೊಡನೆ ನೀರಿನಿಂದೆತ್ತಿ ದಡದ ಮೇಲೆ ಬೋರಲು ಹಾಕುತ್ತಾರೆ, ಇಲ್ಲವೇ ಅಂಬಿಗ ತಲೆಯ ಮೇಲೆ ಕವುಚಿಕೊಂಡು ಮನೆಗೆ ಹೋಗುತ್ತಾನೆ. ಬೇಸಗೆಯಲ್ಲಿ ಬಂಡೆ ತೋರುವ, ಮಳೆಗಾಲದಲ್ಲಿ ಮರ ಕಿತ್ತು ತರುವ ಹೊಳೆಯಲ್ಲಿ ವರ್ಷವಿಡೀ ದೋಣಿ ಬಿಡುವುದು ಮೂರ್ಖತನವೆಂದು ಕಂಡುಕೊಂಡವರ ಉಪಾಯ ಅದು. ದೇವರಿಗೆ ಕೂಡ ನಾವು ತೆಪ್ಪೋತ್ಸವ ಮಾಡುವುದು ಕಲ್ಯಾಣಿಯಲ್ಲಿ, ಅದೂ ಒಂದು ರಾತ್ರಿಯ ಮಟ್ಟಿಗೆ. ಹೀಗಾಗಿ ತಂಗಿಯ ಪ್ರಶ್ನೆಗೆ ಉತ್ತರ ಹುಡುಕುವವನು ಘಟ್ಟ ಇಳಿಯದೆ ವಿಧಿಯಿಲ್ಲ.

ಘಟ್ಟದ ಕೆಳಗೆ ಕಥೆಯೇ ಬೇರೆ. ಕಾಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿಯ ಐದು ಹೊಳೆ, ಗುರುಪುರ, ನೇತ್ರಾವತಿ, ಕಾಸರಗೋಡಿನ ಚಂದ್ರಗಿರಿ. ಒಂದೊಂದರ ಅಳಿವೆಯಲ್ಲಿಯೂ ಒಂದೊಂದು ಬಂದರು. ಸುಮಾರು 1342ರಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ದೊಡ್ಡ ಹಡಗುಗಳು ಒಳಗೆ ಬರಬಲ್ಲ ಹಿನ್ನೀರು ಅಲ್ಲಿದೆಯೆಂದು ಬರೆದಿದ್ದಾನೆ. ಮಳೆಯ ನಾಲ್ಕು ತಿಂಗಳು ಮಾತ್ರ ಮೀನು ಹಿಡಿಯುವವರ ಹೊರತು ಯಾರೂ ಕಡಲಿಗಿಳಿಯರು, ಅಷ್ಟು ಭೀಕರವಂತೆ. ಆಗ ಅಲ್ಲಿಯ ಒಡೆಯ ಜಮಾಲುದ್ದೀನ್. ಅವನ ಮೇಲಿನ ದೊರೆಯ ಹೆಸರನ್ನು ಇಬ್ನ್ ಬತೂತ ಹರ್ಯಬ್ ಎಂದು ಕರೆದದ್ದು ನಮ್ಮ ಹರಿಹರರಾಯನನ್ನೇ ಎಂದು ವಿದ್ವಾಂಸರ ಮತ. ಆ ನಾಲ್ಕು ತಿಂಗಳೇ ನಮ್ಮ ಪ್ರಶ್ನೆಯ ತಿರುಳು. ಸನ್ಯಾಸಿಗಳಿಗೆ ಚಾತುರ್ಮಾಸ್ಯವಿರುವಂತೆ ಕರಾವಳಿಯ ಹಡಗುಗಳಿಗೂ ಚಾತುರ್ಮಾಸ್ಯ ಉಂಟು. ಎಂಟು ತಿಂಗಳು ಕಡಲಲ್ಲಿ ಅಲೆದ ಮಂಜಿ, ಮಚವೆ, ಪತ್ತೆಮಾರಿಗಳು ವೈಶಾಖ ಮುಗಿಯುವುದರೊಳಗೆ ಅಳಿವೆ ದಾಟಿ ಹೊಳೆಯೊಳಗೆ ಸೇರಬೇಕು. ಕೆಲವನ್ನು ದಡಕ್ಕೆಳೆದು ಮಡಲು ಹೊದಿಸುತ್ತಾರೆ; ಕೆಲವನ್ನು ಸೆಳವು ತಗ್ಗಿದ ಓರೆಯಲ್ಲಿ ಹಿಂದೆ ಮುಂದೆ ಹಗ್ಗ ಬಿಗಿದು ನಿಲ್ಲಿಸುತ್ತಾರೆ. ಇದರಲ್ಲಿ ಇನ್ನೊಂದು ಲಾಭ: ಮಳೆಯ ನೆರೆಯಿಂದ ಹೊಳೆಯ ಬಾಯಿ ಸಿಹಿಯಾಗುತ್ತದೆ, ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳು ಸಿಹಿನೀರಿನಲ್ಲಿ ಸಾಯುತ್ತದೆ. ನೂಲಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಬಿಟ್ಟು ಪೂಜಿಸಿದ ಮೇಲೆ ಮತ್ತೆ ಹಗ್ಗ ಬಿಚ್ಚುವುದು.

ಈ ನಿಯಮ ಮುರಿದವರ ಗತಿ ಏನಾಗುತ್ತದೆಂಬುದಕ್ಕೆ ಚರಿತ್ರೆಯಲ್ಲಿ ಒಂದು ದೊಡ್ಡ ದೃಷ್ಟಾಂತವಿದೆ. ಅಳಿಯನಿಗೆ ಇದನ್ನು ಒಳಕಲ್ಲು ತೀರ್ಥದ ಮೆಟ್ಟಿಲ ಮೇಲೆ ಕುಳಿತು ಹೇಳಿದೆ. ವಾಚಕರಿಗೂ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಹೊನ್ನಾವರದಲ್ಲಿ ತಿಮ್ಮೋಜನೆಂಬ ನಾವಿಕನಿದ್ದ. ಪೋರ್ಚುಗೀಸರು ತಿಮೋಜ ಎಂದು ಬರೆಯುತ್ತಾರೆ, ತಿಮ್ಮಯ್ಯನೆಂದು ಓದುವವರೂ ಉಂಟು. ಕಡಲ್ಗಳ್ಳನೆಂದರೂ ಸರಿ, ವಿಜಯನಗರದ ಪರವಾಗಿ ಕಡಲು ಕಾದವನೆಂದರೂ ಸರಿ. ಆ ಕಾಲದಲ್ಲಿ ಎರಡಕ್ಕೂ ಬಹಳ ಅಂತರವಿರಲಿಲ್ಲ. 1505ರಲ್ಲಿ ಅಲ್ಮೇಡ ಹೊನ್ನಾವರದ ಮೇಲೆ ಬಿದ್ದು ಹಡಗುಗಳನ್ನು ಸುಟ್ಟಾಗ ಪೋರ್ಚುಗೀಸರ ಬಲವನ್ನು ಇವನು ಅಳೆದಿದ್ದ. 1510ರ ಮೊದಲ ತಿಂಗಳುಗಳಲ್ಲಿ ಆಲ್ಬುಕರ್ಕ್ ಬೇರೆಡೆಗೆ ಹೊರಟಿದ್ದವನನ್ನು ತಡೆದು, ಗೋವೆ ಸಡಿಲವಾಗಿದೆ, ಈಗಲೇ ಹಿಡಿ ಎಂದು ಸಲಹೆ ಕೊಟ್ಟವನು ತಿಮ್ಮೋಜನೇ. ಗೋವೆ ಸುಲಭವಾಗಿ ಕೈಗೆ ಬಂತು. ಆದರೆ ಮೇ ತಿಂಗಳಲ್ಲಿ ಬಿಜಾಪುರದ ಆದಿಲಶಾಹಿ ಸೈನ್ಯ ದೊಡ್ಡದಾಗಿ ಬಂತು. ಮಳೆಯೂ ಜೊತೆಗೇ ಬಂತು. ಊರು ಬಿಟ್ಟು ಹಡಗು ಹತ್ತಿದ ಆಲ್ಬುಕರ್ಕನಿಗೆ ಮಾಂಡವಿಯ ಅಳಿವೆ ಮುಚ್ಚಿರುವುದು ಕಾಣಿಸಿತು. ಹೊರಗೆ ಹೋದರೆ ಕಡಲು ನುಂಗುತ್ತದೆ, ದಡಕ್ಕೆ ಬಂದರೆ ಆದಿಲಶಾಹಿಯ ಫಿರಂಗಿ. ಮೇ ಕೊನೆಯಿಂದ ಆಗಸ್ಟ್ ನಡುಭಾಗದವರೆಗೆ, ಎರಡೂವರೆ ತಿಂಗಳು, ಒಂದು ನೌಕಾದಳ ಪೂರ್ತಿ ಹೊಳೆಯ ನಡುವೆ ಹಡಗಿನ ಮೇಲೆಯೇ ವಾಸಮಾಡಿತು. ಯಾರೂ ಬಯಸಿ ಪಡೆದ ತಂಗುದಾಣವಲ್ಲ ಅದು.

ಆಹಾರ ತೀರಿತು. ಇಲಿ ಹಿಡಿದು ತಿಂದರು, ಪೆಟ್ಟಿಗೆಗೆ ಹೊದಿಸಿದ ಚರ್ಮ ಬೇಯಿಸಿ ತಿಂದರು ಎಂದು ಅವರ ಬಖೈರುಗಳೇ ಹೇಳುತ್ತವೆ. ಎದುರಾಳಿ ಒಮ್ಮೆ, ನಿಮ್ಮನ್ನು ಹಸಿವಿನಿಂದಲ್ಲ, ಕತ್ತಿಯಿಂದ ಗೆಲ್ಲುತ್ತೇವೆಂದು ದೋಣಿಯಲ್ಲಿ ಆಹಾರ ಕಳಿಸಿದನೆಂದೂ, ಆಲ್ಬುಕರ್ಕ್ ಉಳಿದಿದ್ದ ಕೊನೆಯ ಪೀಪಾಯಿ ಮದ್ಯವನ್ನೂ ಒಣರೊಟ್ಟಿಯನ್ನೂ ಎದುರಿಗಿಟ್ಟು ನಮಗೇನೂ ಕೊರತೆಯಿಲ್ಲವೆಂದು ಹಿಂದಕ್ಕೆ ಕಳಿಸಿದನೆಂದೂ ಕಥೆ. ಸೆರೆಸಿಕ್ಕಿದ್ದ ಹೆಂಗಸರ ಬಳಿಗೆ ಕಳ್ಳತನದಿಂದ ಹೋದನೆಂದು ರೂಯಿ ಡಿಯಾಸ್ ಎಂಬವನನ್ನು ಗಲ್ಲಿಗೇರಿಸಿದಾಗ ಕಪ್ತಾನರೇ ತಿರುಗಿಬಿದ್ದರು. ಇಕ್ಕಟ್ಟಿನ ಹಡಗಿನಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದ ಮನುಷ್ಯರ ನಡುವೆ ಶತ್ರು ಹೊರಗಿನಿಂದಲೇ ಬರಬೇಕಾಗಿಲ್ಲ. ಹೊಳೆಯ ಮೇಲಿನ ಕಾದಾಟವೊಂದರಲ್ಲಿ ಆಲ್ಬುಕರ್ಕನ ಸೋದರಳಿಯ ಆಂಟೋನಿಯೋ ಡ ನೊರೊನ್ಹಾ ಸತ್ತ.

"ಸೋದರಳಿಯನೇ ಬೇಕಿತ್ತೇ ಮಾವ?" ಎಂದು ನನ್ನ ಅಳಿಯ ನಕ್ಕ.

ಆಗಸ್ಟಿನಲ್ಲಿ ಅಳಿವೆ ತೆರೆಯಿತು. ಆಲ್ಬುಕರ್ಕ್ ಕಾರವಾರದ ಬಳಿಯ ಅಂಜದೀವ್ ದ್ವೀಪಕ್ಕೆ ಬಂದು ಉಸಿರು ಬಿಟ್ಟ. ನವೆಂಬರಿನಲ್ಲಿ ಹೊನ್ನಾವರಕ್ಕೆ ಹೋದಾಗ ಅಲ್ಲಿ ತಿಮ್ಮೋಜನಿಗೆ ಗೇರುಸೊಪ್ಪೆಯ ರಾಣಿಯ ಮಗಳೊಡನೆ ಮದುವೆಯ ಸಂಭ್ರಮ ನಡೆದಿತ್ತೆಂದು ಪೋರ್ಚುಗೀಸರು ಬರೆದಿದ್ದಾರೆ. ಒಬ್ಬ ಇಲಿ ತಿಂದ ವರ್ಷವೇ ಇನ್ನೊಬ್ಬ ಮದುಮಗನಾದ. ಯಾರಿಗೆ ಹೊಳೆಯ ಗುಟ್ಟು ತಿಳಿದಿತ್ತೆಂದು ಇದಕ್ಕಿಂತ ಬೇರೆ ಹೇಳಬೇಕೆ? ನವೆಂಬರ್ 25ರಂದು ಗೋವೆ ಮತ್ತೆ ಬಿದ್ದಿತು.

ಅಲ್ಲಿಂದ ಮುಂದಿನದು ಬೇಗ ಹೇಳಿ ಮುಗಿಸಬಹುದು. 1763ರಲ್ಲಿ ಬಿದನೂರು ಗೆದ್ದ ಹೈದರಾಲಿಗೆ ಕರಾವಳಿ ಸಿಕ್ಕಿತು. ಮಂಗಳೂರಿನಲ್ಲಿ ಹಡಗು ಕಟ್ಟಿಸಿದ. 1768ರಲ್ಲಿ ಇಂಗ್ಲಿಷರು ಊರನ್ನೂ ಹಡಗುಗಳನ್ನೂ ಹಿಡಿದರು. ಕೆಲವೇ ತಿಂಗಳಲ್ಲಿ ಊರನ್ನು ಅವನು ಮರಳಿ ಪಡೆದ. ಟಿಪ್ಪು 1796ರಲ್ಲಿ ನಲವತ್ತು ಯುದ್ಧನೌಕೆಗಳ ಯೋಜನೆ ಮಾಡಿ ಮಂಗಳೂರು, ಮಿರ್ಜಾನಿನ ಹಿನ್ನೀರು, ಸದಾಶಿವಗಡಗಳಲ್ಲಿ ಅವಕ್ಕೆ ನೆಲೆ ಗೊತ್ತುಮಾಡಿದ. ಮೂರೇ ವರ್ಷಕ್ಕೆ ಅವನೂ ಇಲ್ಲ, ಯೋಜನೆಯೂ ಇಲ್ಲ. ಒಂದು ಮಾತು ಗಮನಿಸಬೇಕು. ಅವನು ಆರಿಸಿದ ಮೂರೂ ಹೊಳೆಯ ಬಾಯಿಗಳೇ. ಬಯಲ ಕಡಲಿನಲ್ಲಿ ಅಗೆದು ಮಾಡಿದ ಬಂದರು ನಮ್ಮ ಕಡೆ ಬಂದದ್ದು 1970ರ ದಶಕದಲ್ಲಿ, ಪಣಂಬೂರಿನಲ್ಲಿ. ಹಳೆಯ ಬಂದರಿನ ಮಂಜಿಗಳು ಗುರುಪುರ ಹೊಳೆಯ ದಡವನ್ನು ಆಗಲೂ ಬಿಡಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಅಳಿಯ, ಹೊನ್ನಾವರವನ್ನು ನೋಡಿಯೇ ಬರೋಣವೆಂದ. ಜಾತ್ರೆ ಮುಗಿಸಿ ದಾಬಸ್‌ಪೇಟೆಗೆ ಇಳಿದು ಬಸ್ಸು ಹಿಡಿದೆವು. ತುಮಕೂರು ಚಿತ್ರದುರ್ಗಗಳ ಕಡೆ ಬಹುಕಾಲ ಆಡಳಿತ ನಡೆಸಿದ ಡಾಬ್ಸ್ ದೊರೆ ಈ ನೆಲದಲ್ಲಿ ಹೆಸರಿನ ಗೂಟ ಹೊಡೆದು ಹೋದ ಊರು ಅದು. ಹೊರಗಿನಿಂದ ಬಂದವರಿಗೆ ಒಮ್ಮೊಮ್ಮೆ ಎಷ್ಟು ಸಲೀಸು!

ಶರಾವತಿಯನ್ನು ನಾನು ನೋಡಿದ್ದು ಜೋಗದಲ್ಲಿ, ಅದೂ ಬಾಲ್ಯದಲ್ಲಿ. ಹೊನ್ನಾವರದಲ್ಲಿ ಅವಳು ಬೇರೆಯೇ ಹೊಳೆ. ವಿಶಾಲ, ನಿಧಾನ, ನಡುವೆ ತೆಂಗಿನ ಕುದುರುಗಳು. ರಸ್ತೆ ಇಲ್ಲದ ಕಾಲದಲ್ಲಿ ಗೇರುಸೊಪ್ಪೆಯವರೆಗಿನ 18 ಮೈಲಿ ಜನ ದೋಣಿಯಲ್ಲೇ ಹೋಗುತ್ತಿದ್ದರು. ಜೋಗ ನೋಡುವ ಇಂಗ್ಲಿಷರೂ ಹಾಗೆಯೇ. 2016ರ ಕಾನೂನಿನಲ್ಲಿ ಕೇಂದ್ರ ಸರ್ಕಾರ ದೇಶದ 111 ಜಲಮಾರ್ಗಗಳಿಗೆ ರಾಷ್ಟ್ರೀಯವೆಂಬ ಪಟ್ಟ ಕಟ್ಟಿದಾಗ ಶರಾವತಿ, ಕಾಳಿ, ನೇತ್ರಾವತಿಗಳ ಜೊತೆಗೆ ನಮ್ಮ ಕಬಿನಿಯೂ ಸೇರಿತು. ಪಟ್ಟ ಬಂತು, ದಡದ ಮೇಲೆ ಅದರ ಗುರುತು ನನಗೆ ಕಾಣಲಿಲ್ಲ.

ದಡದಲ್ಲಿ ಬಲೆ ಹೊಲಿಯುತ್ತಿದ್ದ ಒಬ್ಬ ಮುದುಕರನ್ನು ಮಾತಾಡಿಸಿದೆವು. ಹಿಂದೆ ಮಚವೆಯಲ್ಲಿ ತಾಂಡೇಲರಾಗಿದ್ದವರಂತೆ. ಅಳಿಯ ತನ್ನ ಮನಸ್ಸಿನಲ್ಲಿದ್ದ ಒಂದು ಓರೆಯನ್ನು ತೋರಿಸಿ, ಅಲ್ಲಿ ದೋಣಿ ಕಟ್ಟಬಹುದೇ ಎಂದ. ಅವರು ಬಹಳ ಹೊತ್ತು ನೀರನ್ನೇ ನೋಡಿದರು. ಅಳಿವೆಯ ಮರಳದಿಬ್ಬ ವರ್ಷವರ್ಷವೂ ಜಾಗ ಬದಲಿಸುವುದನ್ನು ಹೇಳಿದರು; ಅಲ್ಲಿ ಮಗುಚಿದ ಮೀನುದೋಣಿಗಳನ್ನು ಹೇಳಿದರು. ಮೇಲೆ ಲಿಂಗನಮಕ್ಕಿಯ ಕಟ್ಟೆ ತುಂಬಿ ಬಾಗಿಲು ತೆರೆಯುವ ವರ್ಷ ಹೊಳೆದಂಡೆಗೆ ಎಚ್ಚರಿಕೆ ಬರುತ್ತದೆ, ಆಗ ಮನೆಯನ್ನೇ ಬಿಡಬೇಕಾಗುತ್ತದೆ, ದೋಣಿಯ ಮಾತೇನು ಎಂದರು. ನೂಲಹುಣ್ಣಿಮೆಯಿಂದ ವೈಶಾಖದವರೆಗಾದರೆ ಯಾರ ಅಡ್ಡಿಯೂ ಇಲ್ಲ, ಆಳವೂ ಇದೆ, ಗಾಳಿಯೂ ಕಡಮೆ. ಕಾಗದಪತ್ರದ ವಿಚಾರ ಬಂದರು ಕಚೇರಿಯಲ್ಲಿ ಕೇಳಬೇಕು. ಮಳೆಗಾಲದಲ್ಲಿ ದೋಣಿಯೊಳಗೆ ಇರುತ್ತೇನೆಂದು ಅಳಿಯ ಹೇಳಿದ್ದು ಮಾತ್ರ ಅವರಿಗೆ ಅರ್ಥವೇ ಆಗಲಿಲ್ಲ. ಎರಡು ಸಲ ಹೇಳಿಸಿಕೊಂಡು, ನನ್ನ ಕಡೆ ತಿರುಗಿ, ಇವರಿಗೆ ಮನೆಯಲ್ಲಿ ಯಾರೂ ಇಲ್ಲವೇ ಎಂದು ಕೇಳಿದರು.

ಆಗ ನನಗೆ ನಾಚಿಕೆಯಾಯಿತು. ಹಡಗುಗಳ ಚಾತುರ್ಮಾಸ್ಯವನ್ನು ಅಷ್ಟು ವಿವರಿಸಿದವನು, ಆ ನಾಲ್ಕು ತಿಂಗಳು ಹಡಗಿನವರು ಎಲ್ಲಿದ್ದರೆಂದು ಯೋಚಿಸಿರಲಿಲ್ಲ. ಅವರು ಮನೆಯಲ್ಲಿದ್ದರು. ಗದ್ದೆ ನೆಟ್ಟರು, ಬಲೆ ಹೊಲಿದರು, ಮಕ್ಕಳಿಗೆ ಮದುವೆ ಗೊತ್ತುಮಾಡಿದರು. ಕಾವಲಿಗೊಬ್ಬನನ್ನು ಬಿಟ್ಟರೆ ಹೊಳೆಯಲ್ಲಿ ಕಟ್ಟಿದ ಮಂಜಿ ಬರಿದಾಗಿರುತ್ತಿತ್ತು.

ಶಿವಗಂಗೆಗೆ ಮರಳಿದಾಗ ರಾತ್ರಿಯಾಗಿತ್ತು. ತಂಗಿ ಎಲೆ ಹಾಕುತ್ತಲೇ ಕೇಳಿದಳು:

"ಸಿಕ್ತೇನೋ ಗೂಟ?"

"ಎಂಟು ತಿಂಗಳಿಗೆ ಸಿಕ್ಕಿದ ಹಾಗಿದೆಯಮ್ಮ. ಕಾಗದಪತ್ರ ಆಗಬೇಕು. ಅಲ್ಲಿರೋ ದೋಣಿ ಮಾರಿ, ಇಲ್ಲೇ ಒಂದು ಕಟ್ಟಿಸಬೇಕು."

"ಮಿಕ್ಕ ನಾಲ್ಕು ತಿಂಗಳು?"

ಅಳಿಯ ನನ್ನ ಮುಖ ನೋಡಿದ. ನಾನು ಸಾರನ್ನ ಕಲಸುತ್ತಿದ್ದೆ.

"ಮಿಕ್ಕ ನಾಲ್ಕು ತಿಂಗಳು ಅಲ್ಲಿ ಯಾರೂ ದೋಣೀಲಿ ಇರೋದಿಲ್ಲವಂತೆ" ಎಂದ.

ತಂಗಿ ಒಳಕ್ಕೆ ಹೋಗಿ ತುಪ್ಪ ತಂದಳು. ಅವನ ಎಲೆಗೆ ಬಡಿಸಿ, ಮೇಲೆ ಜಂತೆಯ ಕಡೆ ನೋಡುತ್ತ ಹೇಳಿದಳು: "ಬರೋದಾದ್ರೆ ಮುಂಗಾರಿಗೆ ಮುಂಚೆ ಬಾ. ಈ ಸಲ ಹೆಂಚು ಕೈಯಾಡಿಸಬೇಕು. ನಿಮ್ಮ ಮಾವನ ಕೈಲಿ ಇನ್ನು ಏಣಿ ಹತ್ತೋಕಾಗಲ್ಲ."